ಗೆರೆಗಳೆಲ್ಲ ನನ್ನ ಟವೆಲ್ಲಿಗೇ ಬಂದವು

ಊಟಕ್ಕೆ ಕೂತಲ್ಲಿ ಬರೆದುಕೊಳ್ಳುವವರನ್ನು ನಾನು ನಂಬುವುದಿಲ್ಲ. ಅಂಥವರು ಒಂದೋ ಆರೋಗ್ಯ ಇಲಾಖೆಯವರು, ಇಲ್ಲವೇ ಎದುರಿಗೇ ಇನ್ನೊಂದು ಖಾನಾವಳಿ ತೆರೆಯಲು ಹೊಂಚುವವರು. ನಾನು ಆರನೇ ಇಯತ್ತೆಗೇ ಶಾಲೆ ಬಿಟ್ಟವನು. ಆದರೂ ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳು ಒಂದರ ಪಕ್ಕ ಒಂದು ಏಳುತ್ತಿದ್ದಾಗ ಅವುಗಳ ನೆರಳಲ್ಲೇ ಜೋಳದ ರೊಟ್ಟಿಯ ಖಾನಾವಳಿ ಎಬ್ಬಿಸಿದೆ. ಬೆಳಗಿನ ಮೋಡ ನೋಡಿ ಮಧ್ಯಾಹ್ನ ಎಷ್ಟು ರೊಟ್ಟಿ ಹೋಗುತ್ತವೆಂದು ಹೇಳಬಲ್ಲೆ. ಇನ್ನೊಂದು ಹೆಮ್ಮೆಯೂ ಉಂಟು: ಕೈ ತೊಳೆದು ಬಂದವರಿಗೆ ಹೆಗಲ ಮೇಲಿನ ಟವೆಲ್ಲನ್ನು ನಾನೇ ಕೈಯಾರೆ ಕೊಡುತ್ತೇನೆ. ಕಾಗದದ ಚೂರು ಕೊಟ್ಟು ಕಳಿಸಲು ಇದೇನು ವಿಮಾನವೇ?

ಒಂದು ವರ್ಷ ಗಿರಾಕಿಗಳಿಗೆ ಕಣ್ಣು ಬೇನೆ ಹತ್ತಿತು. ಪಂಕ್ತಿಯುದ್ದಕ್ಕೂ ಕರಿ ಕನ್ನಡಕ. ನನ್ನಲ್ಲಿ ಉಂಡರೆ ಕಣ್ಣು ಕೆಂಪಾಗುತ್ತದೆಂದು ಸುದ್ದಿ ಹಬ್ಬಿ ಬೆಂಚುಗಳು ಖಾಲಿಯಾಗತೊಡಗಿದವು. ಆಗಲೇ ದಿನಾ ನನ್ನಲ್ಲಿ ಉಣ್ಣುತ್ತಿದ್ದ ಮೈಸೂರಿನ ಸುಹಾಸ, ರೋಗ ಹರಡುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸದವನು, ಯಾರು ಯಾವಾಗ ಉಂಡರು, ಯಾರಿಗೆ ಯಾವತ್ತು ಬೇನೆ ಬಂತು ಎಂದು ಕೇಳಿ ಬರೆದುಕೊಳ್ಳತೊಡಗಿದ.

"ಯಾಕ್ರಿ ಸುಹಾಸ್, ನನ್ನ ಗಿರಾಕಿಗಳ ಜಾತಕ ಬರ್ಯಾಕತ್ತೀರೇನು?"

"ಲೆಕ್ಕದ ಮಾಡೆಲ್ ಇದು, ಅಣ್ಣ. ಒಬ್ಬರಿಂದ ಎಷ್ಟು ಜನಕ್ಕೆ, ಹೇಗೆ ಅಂಟುತ್ತೆ ಅಂತ ಗೊತ್ತಾದ್ರೆ ನಿಲ್ಸಬಹುದು. ನಿಮ್ಮ ರೊಟ್ಟಿ ತಿಂದವನು ಇನ್ನಿಬ್ಬರನ್ನ ಕರ್ಕೊಂಡು ಬರ್ತಾನೆ ಅಂತೀರಲ್ಲ, ಅದೇ ಲೆಕ್ಕ."

ನನ್ನ ರೊಟ್ಟಿಯನ್ನು ರೋಗಕ್ಕೆ ಹೋಲಿಸಿದವನನ್ನು ಹೇಗೆ ನಂಬಲಿ? ವಾರ ಕಳೆದು ಒಂದು ಕಾಗದ ಹರವಿದ. ತುಂಬ ಚುಕ್ಕೆ, ಗೆರೆ. ಅಕ್ಕಪಕ್ಕ ಕೂತವರಿಗಿಂತ ಒಬ್ಬರ ಹಿಂದೊಬ್ಬರು ಕೈ ತೊಳೆದವರಿಗೇ ಬೇನೆ ಹೆಚ್ಚು ಅಂಟಿದೆಯಂತೆ.

"ಹತ್ತು ದಿನ ಯಾರಿಗೂ ಟವೆಲ್ ಕೊಡಬೇಡಿ. ಇಳಿಯುತ್ತೆ."

"ಇಳೀಲಿಲ್ಲ ಅಂದ್ರ?"

"ನನ್ನ ಲೆಕ್ಕ ತಪ್ಪು ಅಂತ ಎಲ್ಲರ ಮುಂದೆ ಹೇಳ್ತೀನಿ."

ಆ ಮಾತು ಕೇಳುವ ಆಸೆಯಿಂದಲೇ ಒಪ್ಪಿದೆ. ಹತ್ತು ದಿನದಲ್ಲಿ ಕರಿ ಕನ್ನಡಕಗಳು ಜೇಬು ಸೇರಿದವು, ಬೆಂಚುಗಳು ತುಂಬಿದವು. "ಅದು ತಾನ ಇಳಿಯೂದಿತ್ತು ಬಿಡ್ರಿ" ಎಂದೆ. ಸುಹಾಸ "ಇರಬಹುದು" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಅಷ್ಟರಲ್ಲಿ ಒಲೆಯ ಮುಂದಿನಿಂದ ನನ್ನ ಹೆಂಡತಿ ಶಾಂತವ್ವ ಕೇಳಿದಳು: "ಎಲ್ಲಾರ ಕಣ್ಣೂ ಬೆಳ್ಳಗಾದವು. ನಿಮ್ಮವ ಯಾಕ್ರಿ ಮೆಣಸಿನಕಾಯಿ ಆಗ್ಯಾವ?"

ನನ್ನ ಕೈ ಹೆಗಲ ಮೇಲಿನ ಅದೇ ಟವೆಲ್ಲಿಗೆ ಹೋಯಿತು. ಗಿರಾಕಿಗಳಿಗೆ ಕೊಡಬೇಡಿ ಎಂದಿದ್ದ, ನಿಜ. ನಾನು ಮುಖ ಒರೆಸಿಕೊಳ್ಳಬಾರದು ಎಂದು ಅವನೆಲ್ಲಿ ಹೇಳಿದ್ದ? ಸುಹಾಸ ಎಡಗೈಯಿಂದ ಜೇಬಿನ ಕಾಗದ ತೆಗೆದು ಇನ್ನೊಂದು ಚುಕ್ಕೆ ಇಟ್ಟ. ಈ ಸಲ ಹೆಸರು ಕೇಳಲಿಲ್ಲ.