ಓಣಿ ನೋಡದ ನಾಯಕಿ

ಮುಪ್ಪಿನಲ್ಲಿ ಮನುಷ್ಯರು ಮೆತ್ತಗಾಗುತ್ತಾರೆ ಎಂದವರು ನಮ್ಮ ದೊಡ್ಡವ್ವನನ್ನು ನೋಡಿಲ್ಲ. ಅವಳಿದ್ದಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಎರಡು ದಿನ ಏನೂ ಆಗದಿದ್ದರೆ ಜ್ವರ ಬಂದಿದೆಯೇನೋ ಎಂದು ನಾವು ಹಣೆ ಮುಟ್ಟಿ ನೋಡುತ್ತೇವೆ.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಹುಟ್ಟಿ, ನಾಟಕ ಕಂಪನಿ ಸೇರಿ, ಅಲ್ಲಿಂದ ಕಪ್ಪು-ಬಿಳುಪು ಸಿನಿಮಾಕ್ಕೆ ನಾಯಕಿಯಾಗಿ ಹೋದವಳು. ಓಣಿಯ ಹುಡುಗಿ ಕುಣಿದ ಸಿನಿಮಾ ಯಾರೂ ನೋಡಕೂಡದು ಎಂದು ಆಗಿನ ಹಿರಿಯರು ಕೂಡಿ ತಾಕೀತು ಮಾಡಿದರು. ಊರೂರಿನ ಮಂದಿ ನೋಡಿದರು, ಅವಳ ಓಣಿ ಮಾತ್ರ ನೋಡಲಿಲ್ಲ. ಈಗ ತೊಂಬತ್ತರ ಹತ್ತಿರ ಬಂದಿದ್ದಾಳೆ. ಆಸೆ ಒಂದೇ: "ಸಾಯೂದ್ರಾಗ ನಮ್ಮ ಓಣಿ ಮಂದಿ ನನ್ನ ಪಾರ್ಟ್ ಒಮ್ಮೆ ನೋಡಬೇಕು. ನೋಡಿ ಅಳಬೇಕು."

ನಾನು ಫೋಟೋ ಸ್ಟುಡಿಯೊ ಇಟ್ಟವನು. ಹಾಗಾಗಿ ಈ ಹೊಣೆ ನನ್ನ ಕೊರಳಿಗೇ ಬಿತ್ತು.

ಬಾಗಲಕೋಟೆಯ ಎಕ್ಸ್-ರೇ

ಮೊದಲು ಕೈಕೊಟ್ಟಿದ್ದು ಅವಳ ಮೊಣಕಾಲು. ಸಿನಿಮಾ ತೋರಿಸುವವರೆಗೆ ಡಾಕ್ಟರ ಹತ್ತಿರ ಬರುವುದೇ ಇಲ್ಲ ಎಂದು ಹಟ ಹಿಡಿದವಳನ್ನು ಮಂಡಕ್ಕಿಯ ಗಿರಮಿಟ್ಟು ತಿನ್ನಿಸುವ ಆಸೆ ತೋರಿಸಿ ಬಾಗಲಕೋಟೆಗೆ ಕರೆದೊಯ್ದೆ. ಎಕ್ಸ್-ರೇ ತೆಗೆಯುವಾತ "ಅಲ್ಲಾಡಬ್ಯಾಡ್ರಿ" ಎಂದದ್ದೇ ತಡ, ದೊಡ್ಡವ್ವ ಸೆರಗು ಸರಿಮಾಡಿಕೊಂಡು ಕತ್ತು ತಿರುಗಿಸಿದಳು.

"ಕ್ಯಾಮರಾ ಯಾವ ಕಡಿ ಐತಿ? ನಂದು ಎಡಗಡಿ ಮಾರಿ ಚಲೋ ಬರತೈತಿ. ಮೊದಲ ಸ್ವಲ್ಪ ಪೌಡರ್ ತರಸು."

"ಅಮ್ಮಾರ, ಇದು ಮೊಣಕಾಲಿನ ಎಕ್ಸ್-ರೇ ರೀ. ಮಾರಿ ಬರೂದಿಲ್ಲ."

"ಹಂಗಾರ ಮೊಣಕಾಲಿಗೇ ಹಚ್ಚು."

ಬಾದಾಮಿಯ ಸಂದರ್ಶನ

ಸಿನಿಮಾದ ರೀಲು ಯಾರ ಹತ್ತಿರವಾದರೂ ಇದ್ದರೆ ತಿಳಿಸಲಿ ಎಂದು ಯೂಟ್ಯೂಬಿನ ಒಬ್ಬ ಹುಡುಗಿಯಿಂದ ಸಂದರ್ಶನ ಮಾಡಿಸಿದೆ. ಬೆಂಗಳೂರಿನಾಕೆ. ಬಾದಾಮಿಯ ಕೆರೆ ದಂಡೆಯ ಮೇಲೆ ದೊಡ್ಡವ್ವನನ್ನು ಕೂರಿಸಿ, "ಆ ಕಾಲದಲ್ಲಿ ಪ್ರೇಮದ ಸೀನ್ ಮಾಡೋವಾಗ ಸಂಕೋಚ ಆಗ್ತಿರ್ಲಿಲ್ವಾ ಮೇಡಂ?" ಎಂದು ಕೇಳಿದಳು.

"ಸಂಕೋಚ ಯಾಕವಾ? ಹೀರೋ ಅವತ್ತ ಬಂದಿರಲೇ ಇಲ್ಲ. ಒಂದು ಕಂಬಕ್ಕ ಸುಣ್ಣದ ಬೊಟ್ಟ ಇಟ್ಟು, ಇದನ್ನ ನೋಡಿ ನಾಚ್ಕೊ ಅಂದ್ರು. ನಾಚ್ಕೊಂಡೆ."

"ಆಮೇಲೆ ಹೀರೋ ಬಂದ್ರಾ?"

"ಬಂದ. ಬಾಯಿ ತುಂಬ ತಂಬಾಕ. ಕಂಬಾನ ಚಲೋ ಇತ್ತು."

ವಿಡಿಯೊ ನೋಡಿದ ಆ ಹೀರೋನ ಮೊಮ್ಮಗ ಫೋನ್ ಮಾಡಿ ನನ್ನ ಮೇಲೆ ಹರಿಹಾಯ್ದ. ನಮ್ಮಜ್ಜನ ಮರ್ಯಾದೆ ತೆಗೆದಿರಿ, ಕ್ಷಮೆ ಕೇಳಿರಿ ಎಂದ. ದೊಡ್ಡವ್ವ ನನ್ನ ಕೈಯಿಂದ ಫೋನ್ ಕಸಿದುಕೊಂಡು ಅಕ್ಕರೆಯಿಂದ ವಿಚಾರಿಸಿದಳು: "ನೀನೂ ತಿಂತೀ ಏನಪಾ?"

ಬೇವೂರಿನ ಡಬ್ಬಿ

ಅದೇ ವಿಡಿಯೊದಿಂದ ಒಂದು ಒಳ್ಳೆಯ ಫೋನೂ ಬಂತು. ಬೇವೂರಿನ ಒಂದು ಮನೆಯವರು. ಅವರಜ್ಜ ಟೂರಿಂಗ್ ಟಾಕೀಸ್ ನಡೆಸಿದವರಂತೆ. ದೊಡ್ಡವ್ವನ ಸಿನಿಮಾದ ಹೆಸರು ಬರೆದ ತಗಡಿನ ಡಬ್ಬಿಗಳು ಇನ್ನೂ ಇವೆ ಎಂದರು. ಅವಳನ್ನೂ ಕಾರಿನಲ್ಲಿ ಹಾಕಿಕೊಂಡು ಓಡಿದೆ.

ಡಬ್ಬಿಗಳು ಅಡುಗೆಮನೆಯಲ್ಲಿ ಸಾಲಾಗಿ ಕುಳಿತಿದ್ದವು. ದೊಡ್ಡವ್ವ ಕೈಮುಗಿದು ತಾನೇ ಮುಚ್ಚಳ ತೆಗೆದಳು. ಒಳಗೆ ಕಂಠಮಟ್ಟ ಖಾರಪುಡಿ. ಅವಳು ಸೀನತೊಡಗಿದಳು.

"ರೀಲ್ ಎಲ್ಲಿ ಅದಾವ್ರಿ?" ಎಂದು ನಾನೇ ಕೇಳಿದೆ.

"ಅವು ಹಿತ್ತಲದ ಖೋಲ್ಯಾಗ ಚೀಲದಾಗ ಅದಾವ್ರಿ," ಎಂದಳು ಮನೆಯಾಕೆ. "ಖಾರ ಕೆಡಬಾರದಲ್ಲರಿ, ಅದಕ್ಕ ಡಬ್ಬಿ ತಗೊಂಡ್ವಿ."

ಚೀಲದಲ್ಲಿದ್ದದ್ದು ಹೆಚ್ಚುಕಡಿಮೆ ಎಲ್ಲ ಹಾಳಾಗಿತ್ತು. ಕೊನೆಯ ರೀಲೊಂದು ಮಾತ್ರ ಉಳಿದಿತ್ತು. ಅದನ್ನೇ ಎದೆಗವಚಿಕೊಂಡು ಹೊರಟೆವು. ದಾರಿಯುದ್ದಕ್ಕೂ ದೊಡ್ಡವ್ವ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದಳು. ಅಳುತ್ತಿದ್ದಾಳೆಂದು ನನಗೂ ಕಣ್ಣು ತುಂಬಿ ಬಂತು. ಇಳಕಲ್ಲು ಹತ್ತಿರ ಬಂದಾಗ ನಿಟ್ಟುಸಿರುಬಿಟ್ಟಳು: "ಖಾರ ಭಾಳ ಚಲೋ ಇತ್ತಲೇ. ಒಂದು ಡಬ್ಬಿ ಇಸ್ಕೊಂಡು ಬರಬೇಕಿತ್ತು."

ಹೊಳೆಯ ಸೀನು

ಉಳಿದ ರೀಲನ್ನು ಬಲ್ಲವರಿಂದ ಸ್ವಚ್ಛಮಾಡಿಸಿ ಕಂಪ್ಯೂಟರಿಗೆ ಇಳಿಸಿದೆ. ಒಂದು ಸಂಜೆ ಓಣಿಯ ಗುಡಿಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿದೆ. ಪವರ್‌ಲೂಮು ನಿಲ್ಲಿಸಿ ಓಣಿಗೆ ಓಣಿಯೇ ಬಂದು ಕುಳಿತಿತು. ದೊಡ್ಡವ್ವ ತನ್ನ ಕುರ್ಚಿಯನ್ನು ಪರದೆಗೆ ಬೆನ್ನಾಗಿ ತಿರುಗಿಸಿಕೊಂಡಳು.

"ನನ್ನ ಮಾರಿ ನನಗ ಗೊತ್ತೈತಿ. ಇವರ ಮಾರಿ ನೋಡಬೇಕು."

ಪರದೆಯ ಮೇಲೆ ಗಂಡ ಕೈಬಿಟ್ಟ ನಾಯಕಿ ಹೊಳೆಯ ದಂಡೆಯ ಬಂಡೆ ಏರಿದಳು. ಮಂದಿ ಮುಂದಕ್ಕೆ ಬಾಗಿದರು. ನಾಯಕಿ ಹಾರಿದಳು.

"ಏ, ನಿಂದರಸ್ರಿ! ನಿಂದರಸ್ರಿ!" ಎನ್ನುತ್ತ ಹಿರಿಯ ನೇಕಾರರೊಬ್ಬರು ಎದ್ದರು.

ನಾನು ಗಾಬರಿಯಾಗಿ ನಿಲ್ಲಿಸಿದೆ. ನಾಯಕಿ ಗಾಳಿಯಲ್ಲೇ ನಿಂತಳು.

"ಸೆರಗ ನೋಡ್ರಿ ಸೆರಗ! ನಮ್ಮ ಓಣೀದ ಕೈಮಗ್ಗದ್ದ ಐತಿ. ದಾಳಿಂಬರ ಬಣ್ಣ."

"ದಾಳಿಂಬರ ಎಲ್ಲಿಂದ ಬಂತ್ರಿ? ಅಚ್ಚ ಹಸರ ಐತಿ," ಎಂದರು ಇನ್ನೊಬ್ಬರು.

ಕಪ್ಪು-ಬಿಳುಪು ಸಿನಿಮಾದ ಸೀರೆಯ ಬಣ್ಣಕ್ಕಾಗಿ ಓಣಿಯಲ್ಲಿ ಎರಡು ಪಾರ್ಟಿ ಆದವು. ಹೆಂಗಸರು ಪರದೆಯ ಹತ್ತಿರ ಹೋಗಿ ಸೀರೆಯ ದಡಿ ಸವರಿ ನೋಡಿದರು. ಅಷ್ಟು ಹೊತ್ತೂ ನಾಯಕಿ ಪಾಪ, ಹೊಳೆಗೂ ಬೀಳದೆ ದಂಡೆಗೂ ಬರದೆ ಜೋತಾಡುತ್ತಿದ್ದಳು. ದೊಡ್ಡವ್ವನ ಮುಖ ಸಣ್ಣದಾಯಿತು. ನನಗೆ ಸಿಟ್ಟು ಬಂದು, ಎಲ್ಲರನ್ನೂ ಬೈದು ಕೂರಿಸಿ, ಮುಂದಕ್ಕೆ ಬಿಟ್ಟೆ.

ನಾಯಕಿ ದುಡುಂ ಎಂದು ಬಿದ್ದು ಮುಳುಗಿದಳು. ನೀರಿನ ಮೇಲೆ ಸೆರಗು ಒಂದಿಷ್ಟು ಹೊತ್ತು ತೇಲಿತು. ಆಮೇಲೆ ಅದೂ ಮುಳುಗಿತು.

ಓಣಿ ಹೋ ಎಂದು ಅತ್ತಿತು. ಗಂಡಸರು ಸಹ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ದೊಡ್ಡವ್ವನ ಸಂತೋಷ ಹೇಳತೀರದು. ಎದ್ದು ಹೋಗಿ, ಎಲ್ಲರಿಗಿಂತ ಜೋರಾಗಿ ಬಿಕ್ಕುತ್ತಿದ್ದ ಮುದುಕಿಯೊಬ್ಬಳ ಕೈ ಹಿಡಿದಳು.

"ಸಾಕವಾ, ಅಳಬ್ಯಾಡ. ನಾ ಎಲ್ಲಿ ಹೋಗೀನಿ? ಇಲ್ಲೇ ನಿಂತೀನಿ ನೋಡು."

ಮುದುಕಿ ಮೂಗು ಒರೆಸಿಕೊಂಡಳು.

"ನೀ ನಿಂತೀದಿ ಯಕ್ಕಾ, ಅದು ಕಾಣಸ್ತೈತಿ. ಸೀರಿ ಎಲ್ಲೈತಿ?"