ನಕಲಿ ಅಣ್ಣನ ಅಸಲಿ ಗೋಳು

ಇಪ್ಪತ್ತೆರಡು ವರ್ಷಗಳಿಂದ ನಾನು ನಕಲು ಮಾಡಿಯೇ ಸಂಸಾರ ಸಾಗಿಸುತ್ತಿದ್ದೇನೆ. ಗಾಬರಿಯಾಗಬೇಡಿ, ನಾನು ಕೀ ಮಾಡುವವನು. ನೀವು ಒಂದು ಕೀ ತಂದುಕೊಟ್ಟರೆ ಐದು ನಿಮಿಷದಲ್ಲಿ ಅದರ ಅವಳಿಯನ್ನು ಅರದಲ್ಲಿ ಉಜ್ಜಿ ಕೈಗಿಡುತ್ತೇನೆ. ನನ್ನ ಅಂಗಡಿ ಎಷ್ಟು ಕಿರಿದೆಂದರೆ, 'ಡೂಪ್ಲಿಕೇಟ್' ಎಂಬ ಪದ ಬೋರ್ಡಿನಲ್ಲಿ ಹಿಡಿಸಲಿಲ್ಲ. ಬೋರ್ಡು ಬರೆಯುವವನು 'ನಕಲಿ ಕೀ' ಎಂದು ಬರೆದು ಕೈತೊಳೆದುಕೊಂಡ. ಅಂದಿನಿಂದ ಬೀದಿಗೆಲ್ಲ ನಾನು 'ನಕಲಿ ಅಣ್ಣ'. ನನ್ನ ಹೆಂಡತಿ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಅವಳನ್ನು 'ನಕಲಿಯವರ ಮನೆಯವರು' ಎಂದು ಯಾರೋ ಕರೆದರಂತೆ. (ಆ ದಿನ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆಯನ್ನು ಇಲ್ಲಿ ವರ್ಣಿಸಲಾರೆ.)

ಸೋಶಿಯಲ್ ಮೀಡಿಯಾದಲ್ಲೂ ನನ್ನ ಖಾತೆಯ ಹೆಸರು 'ನಕಲಿ ಅಣ್ಣ' ಎಂದೇ. ಆ ಹೆಸರು ತೆಗೆಯಿರಿ ಎಂದು ಅವಳು, ಅದು ನನ್ನ ಬ್ರ್ಯಾಂಡ್ ಎಂದು ನಾನು. ಮೂರು ವರ್ಷದಿಂದ ಈ ಮೊಕದ್ದಮೆ ಇತ್ಯರ್ಥವಾಗಿಲ್ಲ.

ಮೊನ್ನೆ ಬೆಳಿಗ್ಗೆ ನಾನು ಟೀ ಕುಡಿಯುತ್ತಿದ್ದಾಗ ಅವಳು ಫೋನ್ ಹಿಡಿದುಕೊಂಡು ಬಂದಳು.

"ರೀ, ನನಗೆ ಮತ್ತೆ ಯಾಕೆ ಫ್ರೆಂಡ್ ರಿಕ್ವೆಸ್ಟ್ ಕಳಿಸಿದ್ರಿ?"

"ನಾನಾ? ಮದುವೆಗೆ ಮುಂಚೆ ಒಂದು ಸಲ ಕಳಿಸಿ ಅನುಭವಿಸ್ತಿರೋದು ಸಾಲ್ದಾ?"

ಅವಳು ಫೋನನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಅದೇ ನನ್ನ ಮುಖ, ಅದೇ ನನ್ನ ಮೀಸೆ, ಹಿಂದೆ ಅದೇ ನನ್ನ ಅಂಗಡಿಯ ಕೀ ಗೊಂಚಲು. ಹೆಸರು ಮಾತ್ರ 'ಅಸಲಿ ಕೀ ಅಣ್ಣ'! ಕೆಳಗೊಂದು ಮೆಸೇಜು: 'ನಮಸ್ಕಾರ ಮೇಡಂ, ಆರೋಗ್ಯವೇ? ತಮ್ಮ ಮೊಬೈಲಿಗೆ ಆರು ಅಂಕಿಯ ಒಂದು ನಂಬರ್ ಬರುತ್ತದೆ. ದಯಮಾಡಿ ತಿಳಿಸಿ.'

"ಇದು ನೀವಲ್ಲ ಅಂತ ನೋಡಿದ ಕೂಡ್ಲೇ ಗೊತ್ತಾಯ್ತು" ಎಂದಳು.

"ಹೇಗೆ?"

"ಆರೋಗ್ಯವೇ ಅಂತ ಕೇಳಿದಾನೆ. ಮೇಲಿಂದ ದಯಮಾಡಿ ಅಂತ ಬೇರೆ!"

ನಾನು ಟೀ ಲೋಟವನ್ನು ಮೇಜಿನ ಬದಲು ಗಾಳಿಯಲ್ಲಿಟ್ಟೆ. ಚೆಲ್ಲಿದ್ದನ್ನು ಒರೆಸುತ್ತಲೇ ಅವಳು ಬಿಡಿಸಿ ಹೇಳಿದಳು. ಆ ಖಾತೆ ತೆರೆದು ಎರಡೇ ದಿನವಾಗಿತ್ತು. ಇದ್ದದ್ದು ಒಂದೇ ಫೋಟೋ, ಅದೂ ನನ್ನ ಖಾತೆಯಿಂದ ಎತ್ತಿದ್ದು. ಹಳೆಯ ಒಂದು ಮಾತಿಲ್ಲ ಕಥೆಯಿಲ್ಲ, ರಿಕ್ವೆಸ್ಟ್ ಹೋಗಿದ್ದೆಲ್ಲ ನಮ್ಮ ನೆಂಟರಿಗೆ ಮತ್ತು ನನ್ನ ಗಿರಾಕಿಗಳಿಗೆ. ಆ ಆರು ಅಂಕಿ ಕೊಟ್ಟವರ ಖಾತೆಯೂ ಅವನ ಪಾಲು.

ಜನ ತಮ್ಮ ಮನೆಬಾಗಿಲಿನ ಕೀಯನ್ನೇ ನನ್ನ ಕೈಗೆ ಕೊಟ್ಟು ನಿಶ್ಚಿಂತೆಯಾಗಿ ತರಕಾರಿ ತರಲು ಹೋಗುತ್ತಾರೆ. ನನ್ನ ಮುಖ ಹೊತ್ತವನೊಬ್ಬ ಊರವರ ಗುಟ್ಟಿನ ನಂಬರ್ ಕೇಳುತ್ತಾನೆಂದರೆ ಇನ್ನು ಯಾರು ನನ್ನನ್ನು ನಂಬುತ್ತಾರೆ? ಅಂಗಡಿ ಮುಚ್ಚಿದಂತೆಯೇ.

"ನಿಮ್ಮ ಖಾತೆಯ ಪಾಸ್‌ವರ್ಡ್ ಏನು?"

"ಒಂದು ಎರಡು ಮೂರು ನಾಲ್ಕು."

"ಮನೆ ಬಾಗಿಲಿಗೆ ಮೂರು ಬೀಗ ಜಡಿದಿದೀರ. ಇದಕ್ಕೊಂದು ಚಿಲಕಾನೂ ಇಲ್ವಲ್ರೀ!"

"ಮರೆತುಹೋಗ್ಬಾರ್ದು ಅಂತ ಕಣೇ."

ಅವಳು ಹಣೆ ಚಚ್ಚಿಕೊಂಡು, ಪಾಸ್‌ವರ್ಡ್ ಬದಲಿಸಿ, ಅದರ ಮೇಲೆ ಇನ್ನೊಂದು ಹಂತದ ಕಾವಲೂ ಹಾಕಿದಳು. ಆಮೇಲೆ "ಎಲ್ರಿಗೂ ಎಚ್ಚರಿಕೆ ಬರೀರಿ. ಹಾಕೋ ಮುಂಚೆ ನನಗೊಂದ್ಸಲ ತೋರಿಸಿ" ಎಂದು ಸ್ನಾನಕ್ಕೆ ಹೋದಳು. ಎಲ್ಲದಕ್ಕೂ ಇವಳ ಮೊಹರು ಬೇಕೇ? ನಾನು ಬರೆದೇ ಬಿಟ್ಟೆ:

'ಗ್ರಾಹಕ ಮಹಾಪ್ರಭುಗಳೇ, ಬಂಧುಗಳೇ! ನಕಲಿಯ ಹಾವಳಿ ಮಿತಿಮೀರಿದೆ. ನಕಲಿಯನ್ನು ನಂಬಬೇಡಿ! ನಕಲಿಗೆ ಯಾವ ನಂಬರನ್ನೂ ಕೊಡಬೇಡಿ! ನಕಲಿಯ ವಿರುದ್ಧ ಕೂಡಲೇ ದೂರು ಕೊಟ್ಟು ಅವನನ್ನು ನಿರ್ನಾಮ ಮಾಡಿ!'

ಬರೆದದ್ದನ್ನು ಓದಿ ನನಗೇ ರೋಮಾಂಚನವಾಯಿತು. ನೆಂಟರ ಗುಂಪಿಗೂ ಕಳಿಸಿದೆ. ನನ್ನ ಅತ್ತೆ ಕೂಡಲೇ ಸೇನಾಧಿಪತ್ಯ ವಹಿಸಿಕೊಂಡರು. ಅರ್ಧ ಗಂಟೆಯಲ್ಲಿ ಅವರ ವರದಿ ಬಂತು: 'ನಲವತ್ತು ಜನರ ಕೈಲಿ ದೂರು ಕೊಡಿಸಿದ್ದೇನೆ. ನಕಲಿಯ ಕಥೆ ಮುಗಿಯಿತು ಅಂದುಕೊಳ್ಳಿ.' ಅತ್ತೆಯ ಬಗ್ಗೆ ನನ್ನ ಕಣ್ಣು ತುಂಬಿ ಬಂದದ್ದು ಅದೇ ಮೊದಲು.

ಮಧ್ಯಾಹ್ನ ಅಂಗಡಿಯಲ್ಲಿ ಕೀ ಉಜ್ಜುತ್ತಾ ಫೋನ್ ನೋಡಿದೆ. 'ನಿಮ್ಮ ಖಾತೆಯನ್ನು ಅಮಾನತು ಮಾಡಲಾಗಿದೆ. ಕಾರಣ: ನಕಲಿ ಎಂದು ಅನೇಕ ದೂರುಗಳು.' ಅರ ಕೀಯನ್ನು ಬಿಟ್ಟು ನನ್ನ ಹೆಬ್ಬೆರಳನ್ನು ಉಜ್ಜಿತು. ಹೆಂಡತಿಗೆ ಫೋನ್ ಮಾಡಿದೆ.

"ಏನಂತ ಬರೆದ್ರಿ? ಓದಿ" ಎಂದಳು.

ಓದಿದೆ. ಮೂರನೆಯ 'ನಕಲಿ' ಬರುವಷ್ಟರಲ್ಲಿ ನನ್ನ ದನಿ ಇಳಿದುಹೋಯಿತು.

"ಊರಲ್ಲಿ ನಕಲಿ ಯಾರ್ರೀ?" ಎಂದಳು, ಲೈಬ್ರರಿಯ ಪಿಸುಮಾತಿನಲ್ಲೇ. "ನೀವೇ ತಾನೇ? ಇಲ್ಲಿ ಕೇಳಿ, ಆ ಅಸಲಿ ಏನು ಬರೆದಿದಾನೆ ಅಂತ: 'ನಕಲಿಯನ್ನು ಮುಚ್ಚಿಸಲು ಸಹಕರಿಸಿದ ಸಕಲರಿಗೂ ಅಸಲಿಯ ಅನಂತ ವಂದನೆಗಳು.' ಕೆಳಗೆ ಮೊದಲ್ನೇ ಹಾರ್ಟು ಅಮ್ಮಂದು!"

ಹೌಹಾರಿ ಅತ್ತೆಗೆ ಫೋನ್ ಹಚ್ಚಿದೆ. "ಅತ್ತೇ, ನಾನು! ಆ ಆರು ಅಂಕಿ ಯಾರಿಗೂ ಕೊಡ್ಬೇಡಿ!"

"ಈಗ ನಂಬರೂ ದನೀನೂ ನಕಲು ಮಾಡ್ತಾರಂತೆ, ಮಗಳು ಹೇಳಿದಾಳೆ. ಅಸಲಿ ಅಳಿಯಂದಿರು ಆಗ್ಲೇ ಮೆಸೇಜಲ್ಲಿ ಕೇಳ್ತಿದಾರೆ, ಅವರಿಗೆ ಕೊಡ್ಬೇಕು."

"ಅಯ್ಯೋ, ನಾನೇ ಅಸಲಿ!"

"ಹಾಗಾದ್ರೆ ಹೇಳಿ. ಹೋದ ತಿಂಗಳು ನನ್ನ ಬೀರು ಬೀಗ ಹೇಗೆ ಕೆಟ್ಟೋಯ್ತು?"

"ತುಕ್ಕು ಹಿಡಿದಿತ್ತು ಅತ್ತೆ."

"ತಪ್ಪು. ಅವರು ಏನು ಮಾಡಿದ್ರು ಅಂತ ನಾನು ಬಾಗಿಲ ಸಂದೀಲಿ ನೋಡಿದೀನಿ." ಫೋನ್ ಕಟ್!

ನೋಡಿದ್ದರು! ಒಂದು ತಿಂಗಳಿಂದ ನೋಡಿಯೂ ಸುಮ್ಮನಿದ್ದರು! ಆದರೆ ನಾಚಿಕೊಳ್ಳಲು ಪುರುಸೊತ್ತಿಲ್ಲ, ಆರು ಅಂಕಿ ಹೊರಡುವುದರಲ್ಲಿದೆ. ಮತ್ತೆ ಫೋನ್ ಮಾಡಿ, ಎದುರು ನಿಂತಿದ್ದ ಇಬ್ಬರು ಗಿರಾಕಿಗಳನ್ನೂ ಮರೆತು ಕಿರುಚಿದೆ:

"ನಾನೇ ಮುರಿದೆ ಅತ್ತೇ! ಕೀ ಒಳಗೇ ಮುರೀತು, ತೆಗೆಯೋಕೆ ಬರ್ಲಿಲ್ಲ, ಸುತ್ತಿಗೇಲಿ ಒಡೆದೆ, ತುಕ್ಕು ಅಂತ ಸುಳ್ಳು ಹೇಳ್ದೆ!"

"ಹೂಂ, ಈಗ ನೀವೇ ಅಂತ ಗ್ಯಾರಂಟಿ ಆಯ್ತು ಅಳಿಯಂದಿರೇ."

ಆರು ಅಂಕಿ ಉಳಿಯಿತು. ಅತ್ತೆಯ ನಲವತ್ತು ಜನರ ಸೈನ್ಯ ಈ ಸಲ ಸರಿಯಾದ ದಿಕ್ಕಿಗೆ ನುಗ್ಗಿತು. ಹೆಂಡತಿ ಗುರುತಿನ ಚೀಟಿ ಕಳಿಸಿ, ಮನವಿ ಬರೆದು, ಮರುದಿನ ಸಂಜೆಗೆ ನನ್ನ ಖಾತೆಯನ್ನು ಬಿಡಿಸಿಕೊಂಡು ಬಂದಳು. ಅಸಲಿ ಅಣ್ಣ ಮಾಯವಾಗಿದ್ದ. ನಾನು ಆನಂದದಿಂದ ನನ್ನ ಪುಟ ತೆರೆದೆ. ಮುನ್ನೂರ ಹನ್ನೆರಡು ಗಿರಾಕಿಗಳ ಕಣ್ಣಿಗೆ ಬೀಳುವಂತೆ ಅತ್ತೆ ಅಲ್ಲಿ ಆಗಲೇ ಪ್ರಮಾಣಪತ್ರ ಬರೆದಾಗಿತ್ತು:

'ಇದೇ ಅಸಲಿ ಖಾತೆ. ನನ್ನ ಬೀರುವಿನ ಬೀಗ ತೆಗೆಯಲು ಬಾರದೆ ಸುತ್ತಿಗೆಯಿಂದ ಒಡೆದ ನಮ್ಮ ಅಳಿಯಂದಿರು ಇವರೇ. ಖುದ್ದು ವಿಚಾರಿಸಿದ್ದೇನೆ. ಎಲ್ಲರೂ ನಿಸ್ಸಂಕೋಚವಾಗಿ ನಂಬಿ.'

"ನಂಬಿ ಅಂತಾನೂ ಬರೆದಿದಾರಲ್ಲ ರೀ" ಎಂದಳು ಹೆಂಡತಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು.

ಮರುದಿನ ಅಂಗಡಿ ತೆರೆಯುತ್ತಲೇ ಹಳೆಯ ಗಿರಾಕಿ, ನಿವೃತ್ತ ಪೋಸ್ಟ್‌ಮಾಸ್ಟರು, ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಅಣ್ಣಾ, ನಿಮ್ಮ ಮೇಲೆ ನನಗೆ ನೂರಕ್ಕೆ ನೂರು ನಂಬಿಕೆ. ಅದಕ್ಕೇ ನಿಮ್ಮನ್ನೇ ಕೇಳೋಣ ಅಂತ ಬಂದೆ. ನಮ್ಮನೆ ಬಾಗಿಲ ಬೀಗ ಹಿಡ್ಕೊಂಡಿದೆ, ತೆಗೆಯೋಕೆ ಬರೋರು ಯಾರಾದ್ರೂ ಗೊತ್ತಾ?"