ಮೂವತ್ನಾಲ್ಕು ತಿರಸ್ಕೃತ ಪುಸ್ತಕಗಳು

ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ನನ್ನ ಹೆಂಡತಿ ಬೀದಿಗೆಲ್ಲ ಸಾರಿಕೊಂಡು ಬಂದಿದ್ದಾಳೆ. ಇದು ಅರ್ಧ ಸುಳ್ಳು. ಅಚ್ಚಾದ ಇಂಗ್ಲಿಷ್ ನನಗೆ ಚೆನ್ನಾಗಿಯೇ ಬರುತ್ತದೆ; ಪಕ್ಕದಲ್ಲಿ ಡಿಕ್ಷನರಿ ಇರಬೇಕು, ಯಾರೂ ಅವಸರ ಮಾಡಬಾರದು, ಅಷ್ಟೇ. ಮಾತಾಡುವ ಇಂಗ್ಲಿಷ್ ಮಾತ್ರ ಸ್ವಲ್ಪ ಕಷ್ಟ. ಕಿವಿಗೆ ಬೀಳುವಷ್ಟರಲ್ಲಿ ಅದು ಮುಗಿದೇ ಹೋಗಿರುತ್ತದೆ. (ಇದು ಮಾತಾಡುವವರ ತಪ್ಪು, ನನ್ನದಲ್ಲ.)

ಹೀಗಿರುವಾಗ ಹದಿನಾಲ್ಕು ವರ್ಷದ ನಮ್ಮ ಮಗಳು ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಫೇಲಾದಳು. ಪರೀಕ್ಷಕರ ಮುಂದೆ ನಿಂತು ಮೂರು ನಿಮಿಷ ಮಾತಾಡಬೇಕಿತ್ತು. ಇವಳು ಮೂರು ನಿಮಿಷ ನಿಂತಳು, ಮಾತಾಡಲಿಲ್ಲ. ಮನೆಗೆ ಬಂದವಳೇ ಬಚ್ಚಲು ಸೇರಿ ಚಿಲಕ ಹಾಕಿಕೊಂಡು ಅತ್ತಳು. ಎರಡು ತಿಂಗಳು ಬಿಟ್ಟು ಇನ್ನೊಂದು ಅವಕಾಶವಿತ್ತು. ಅದೂ ಹೋದರೆ ಗೆಳತಿಯರೆಲ್ಲ ಮುಂದಿನ ತರಗತಿಗೆ, ಇವಳು ಅದೇ ಬೆಂಚಿಗೆ. ಬಾಗಿಲಾಚೆ ನಿಂತು ನಾನು ಆ ಅಳು ಮುಗಿಯುವವರೆಗೂ ಕೇಳಿಸಿಕೊಂಡೆ.

ಇಂಗ್ಲಿಷ್ ಮೇಡಂ ನನ್ನನ್ನು ಕರೆಸಿ ಒಂದು ರಟ್ಟಿನ ಪೆಟ್ಟಿಗೆ ಹೊರಿಸಿದರು. "ಇದರಲ್ಲಿ ನಲವತ್ತು ತೆಳು ಪುಸ್ತಕ ಇದೆ ಸಾರ್. ಎಲ್ಲಾ ಈ ವಯಸ್ಸಿನ ಮಕ್ಕಳಿಗೇ ಬರೆದಿದ್ದು. ಅವಳಿಗೆ ಹಿಡಿಸೋ ಅಂಥದ್ದನ್ನ ನೀವೇ ಆರಿಸಿ ಕೊಡಿ."

ಆರಿಸುವುದು! ಈ ಭೂಮಂಡಲದಲ್ಲಿ ಆ ಕೆಲಸಕ್ಕೆ ನನಗಿಂತ ತಕ್ಕವನು ಯಾರಿದ್ದಾನೆ? ನಾನು ಪಿಂಗಾಣಿ ಕಾರ್ಖಾನೆಯ ತಪಾಸಣೆ ವಿಭಾಗದವನು. ಹತ್ತೊಂಬತ್ತು ವರ್ಷಗಳಿಂದ ಕಪ್, ಸಾಸರ್, ಹೂಜಿಗಳನ್ನು ಬೆರಳಲ್ಲಿ ತಟ್ಟಿ, ಬೆಳಕಿಗೆ ಹಿಡಿದು, ಒಳ್ಳೆಯದನ್ನು ಪಾಸ್ ಮಾಡಿ ಕೆಟ್ಟದ್ದನ್ನು ತಿರಸ್ಕರಿಸುತ್ತಿದ್ದೇನೆ. ನಮ್ಮಲ್ಲಿ ಒಂದು ಕಟ್ಟುನಿಟ್ಟು: ಸುಮ್ಮನೆ ತಿರಸ್ಕರಿಸುವಂತಿಲ್ಲ. ದೋಷ ಏನು, ಎಲ್ಲಿದೆ ಎಂದು ಕೆಂಪು ಚೀಟಿಯಲ್ಲಿ ಬರೆದು ಮಾಲಿಗೇ ಅಂಟಿಸಬೇಕು. "ಹಿಡಿ ಸೊಟ್ಟ", "ಅಂಚಿನಲ್ಲಿ ಕೂದಲೆಳೆ ಬಿರುಕು", ಹೀಗೆ. ಕಾರ್ಖಾನೆಯಿಂದ ಒಂದು ಕಟ್ಟು ಹಳೇ ಕೆಂಪು ಚೀಟಿ ತಂದುಕೊಂಡು ಊಟದ ಮೇಜಿನ ಮೇಲೆ ತಪಾಸಣಾ ಕೇಂದ್ರ ಸ್ಥಾಪಿಸಿದೆ.

"ಪುಸ್ತಕ ಏನು ಕಪ್ಪಾ ಸಾಸರ್ರಾ? ಅವಳ ಕೈಗೇ ಕೊಡಿ, ಬೇಕಾದ್ದು ಓದ್ಕೋತಾಳೆ" ಎಂದಳು ಹೆಂಡತಿ, ಈರುಳ್ಳಿ ಹೆಚ್ಚುತ್ತಾ.

"ಬೇಕಾದ್ದು ಓದಿ ಕೆಟ್ಟುಹೋದ್ರೆ?"

"ಕೆಡೋಕೂ ಒಂದಿಷ್ಟು ಇಂಗ್ಲಿಷ್ ಬೇಕು ಕಣ್ರೀ. ಅದೇ ತಾನೇ ಅವಳ ಹತ್ರ ಇಲ್ದೇ ಇರೋದು?"

ಇಂಥ ಅವೈಜ್ಞಾನಿಕ ಮಾತಿಗೆ ನಾನು ಉತ್ತರ ಕೊಡುವುದಿಲ್ಲ. ಹದಿನೈದು ದಿನ ರಜೆ ಹಾಕಿದೆ. ರಜೆ ಮುಗಿದ ಮೇಲೆ ಸಂಜೆ ಸಂಜೆ ಕೂತೆ. ಒಂದು ಪುಟವನ್ನೂ ಬಿಡಲಿಲ್ಲ. ಡಿಕ್ಷನರಿಯ ಬೆನ್ನು ಮುರಿಯಿತು, ನನ್ನದೂ ಹೆಚ್ಚುಕಡಿಮೆ ಮುರಿಯಿತು.

ಮತ್ತೆ ಆ ಪುಸ್ತಕಗಳೋ! ಹೊರಗಿನಿಂದ ನೋಡಿದರೆ ಹೊಳಪಿನ ರಟ್ಟು, ಒಳಗೆಲ್ಲ ಬಿರುಕು. ನಾನು ಬರೆದ ಚೀಟಿಗಳಲ್ಲಿ ಕೆಲವನ್ನು ಓದುಗರ ಎಚ್ಚರಿಕೆಗಾಗಿ ಇಲ್ಲಿ ಕೊಡುತ್ತಿದ್ದೇನೆ:

"ಪುಟ 41: ಹುಡುಗಿ ಮನೆ ಬಿಟ್ಟು ಓಡಿಹೋಗುತ್ತಾಳೆ. ಪುಟ 58: ಇನ್ನೂ ಬಂದಿಲ್ಲ. ತಿರಸ್ಕೃತ."

"ಪುಟ 12: ಮೇಷ್ಟ್ರ ಕುರ್ಚಿಗೆ ಅಂಟು ಬಳಿಯುತ್ತಾರೆ. ಪುಟ 13: ಮೇಷ್ಟ್ರು ಏಳುತ್ತಾರೆ, ಪ್ಯಾಂಟು ಏಳುವುದಿಲ್ಲ. ತಿರಸ್ಕೃತ." (ದೋಷ ಖಚಿತಪಡಿಸಿಕೊಳ್ಳಲು ಈ ಪುಟವನ್ನು ನಾಲ್ಕು ಸಲ ಓದಬೇಕಾಯಿತು.)

"ಪುಟ 77: ಮುತ್ತು. ಕೆನ್ನೆಗೆ. ಪುಟ 93: ಮತ್ತೆ ಮುತ್ತು. ಈ ಸಲ ಕೆನ್ನೆಗಲ್ಲ. ತಿರಸ್ಕೃತ."

"ಇದರಲ್ಲಿ ಬರುವ ಅಪ್ಪ ಮೊದಲಿಂದ ಕೊನೆವರೆಗೂ ಪೆದ್ದ. ದೋಷ ಎಲ್ಲ ಪುಟಗಳಲ್ಲೂ ಇದೆ. ತಿರಸ್ಕೃತ."

ಹೀಗೆ ಮೂವತ್ನಾಲ್ಕು ಪುಸ್ತಕಗಳು ಒಂದೊಂದಾಗಿ ಕೆಂಪು ಚೀಟಿ ಅಂಟಿಸಿಕೊಂಡು ಅಟ್ಟ ಸೇರಿದವು. ಪಾಸಾದವು ಆರೇ ಆರು. ಹತ್ತಿ ಬೀಜದಿಂದ ಬಟ್ಟೆಯಾಗುವ ಬಗೆ, ಹಲ್ಲುಗಳ ಆರೈಕೆ, ಸೇತುವೆಗಳ ವಿಧಗಳು, ಪ್ರಾಮಾಣಿಕ ಅಂಚೆಯವನ ಒಂದು ದಿನ, ಮಣ್ಣಿನ ಬಗ್ಗೆ ಎರಡು. ಒಂದರಲ್ಲೂ ಒಂದು ಗೀರಿಲ್ಲ!

ಮಗಳು ಆರನ್ನೂ ಒಮ್ಮೆ ಮಗುಚಿ ನೋಡಿದಳು. ಆಮೇಲೆ ಅಮ್ಮನ ಮುಖ ನೋಡಿದಳು. "ಸರಿ ಅಪ್ಪಾ" ಎಂದು ಹತ್ತಿಯನ್ನು ಎತ್ತಿಕೊಂಡು ಒಳಗೆ ಹೋದಳು.

ಅವತ್ತಿನಿಂದ ನಮ್ಮ ಮನೆಯ ಗಾಳಿಯೇ ಬದಲಾಯಿತು. ಹುಡುಗಿ ಪುಸ್ತಕ ಕೆಳಗಿಡುತ್ತಿರಲಿಲ್ಲ. ಹತ್ತಿಯ ಪುಸ್ತಕ ಹಿಡಿದು ಕಿಸಕ್ಕನೆ ನಗುತ್ತಿದ್ದಳು. ಸೇತುವೆಗಳ ವಿಧಗಳನ್ನು ಓದುವಾಗ "ಅಯ್ಯಯ್ಯೋ ಬೇಡ, ಒಳಗೆ ಹೋಗ್ಬೇಡ" ಎಂದು ಉಗುರು ಕಚ್ಚುತ್ತಿದ್ದಳು. ಒಂದು ಭಾನುವಾರವಂತೂ ಹಲ್ಲುಗಳ ಆರೈಕೆ ಓದುತ್ತಾ ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು.

"ನೋಡಿದ್ಯೇನೇ, ಆಯ್ಕೆ ಅಂದ್ರೆ ಇದು! ಹುಳುಕು ಹಲ್ಲಿಗೂ ಅಳೋ ಅಷ್ಟು ಮೃದು ಮನಸ್ಸು" ಎಂದೆ ಹೆಂಡತಿಗೆ.

"ಹೌದೌದು. ಅಷ್ಟು ಒಳ್ಳೆ ಹಲ್ಲು ಹೋಗ್ಬಾರ್ದಿತ್ತು ಪಾಪ" ಎಂದು ಅವಳೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹತ್ತೊಂಬತ್ತು ವರ್ಷ ಬಿರುಕು ಹುಡುಕಿದ ಈ ಕಣ್ಣುಗಳಿಗೆ ಆಗಲೂ ಏನೂ ಕಾಣಿಸಲಿಲ್ಲ. ಊಟದ ಮೇಜಿನಲ್ಲಿ ತಾಯಿ ಮಗಳು ಇಂಗ್ಲಿಷಿನಲ್ಲಿ ಪಿಸುಗುಟ್ಟತೊಡಗಿದಾಗಲೂ ಅದು ಮಣ್ಣಿನ ಬಗ್ಗೆ ಇರಬೇಕೆಂದೇ ತಿಳಿದಿದ್ದೆ.

ಪರೀಕ್ಷೆಯ ದಿನ ಬಂತು. ಪೋಷಕರೂ ಕೂತು ಕೇಳಬಹುದು ಎಂದಿದ್ದರು. ಉದ್ದನೆಯ ಕೋಣೆ, ಹಿಂದಿನ ಸಾಲುಗಳಲ್ಲಿ ಅಪ್ಪ ಅಮ್ಮಂದಿರು, ಮುಂದೆ ಹೊರಗಿನಿಂದ ಬಂದ ಪರೀಕ್ಷಕರು. ಮೂಗಿನ ತುದಿಯಲ್ಲಿ ಕನ್ನಡಕ, ಮುಖದಲ್ಲಿ ಮುಗುಳ್ನಗೆಯ ಸುಳಿವಿಲ್ಲ. ಅವರು ಮಗಳಿಗೆ ಏನೋ ಕೇಳಿದರು. ಅವಳು ಬಾಯಿ ತೆರೆದಳು, ಮುಚ್ಚಿದಳು. ಹೋದ ಸಲದ ಹಾಗೇ ನಿಂತಳು. ಅಯ್ಯೋ ಮಗಳೇ, ಮಾತಾಡು, ಹತ್ತಿ ಬಗ್ಗೆಯಾದರೂ ಮಾತಾಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವಳು ತಿರುಗಿ ನನ್ನತ್ತ ನೋಡಿ "ಮೈ ಫಾದರ್" ಎಂದಳು.

ಅಲ್ಲಿಂದ ನಲ್ಲಿ ಬಿಟ್ಟ ಹಾಗೆ ಹರಿಯಿತು ನೋಡಿ ಇಂಗ್ಲಿಷು! ನನಗೆ ಸಿಕ್ಕಿದ್ದು "ಫಾದರ್", "ಕಪ್", "ರೆಡ್", ಮತ್ತೆ "ಫಾದರ್". ಅಷ್ಟು ಸಾಕಾಯಿತು. ಎದೆ ಉಬ್ಬಿತು. ಅಷ್ಟರಲ್ಲಿ ಕೋಣೆಯೆಲ್ಲ ಗೊಳ್ಳೆಂದಿತು. ಪರೀಕ್ಷಕರ ಕನ್ನಡಕ ಮೂಗಿನಿಂದಲೇ ಜಾರಿತು. ಸರಿ, ಇದು ನಗುವ ವಿಷಯ ಎಂದು ನಾನೂ ನಕ್ಕೆ. ಪರೀಕ್ಷಕರ ಭುಜ ಅಲುಗಿದಾಗೆಲ್ಲ ನಾನೂ ನಗುವುದು ಎಂದು ಗೊತ್ತುಮಾಡಿಕೊಂಡೆ. ಐದಾರು ಸಲ ಕೆಲಸ ಸುಸೂತ್ರವಾಗಿ ನಡೆಯಿತು.

ಕೊನೆಗೆ ಒಂದು ಕಡೆ ಅವಳು ದನಿ ತಗ್ಗಿಸಿ ಏನೋ ಹೇಳಿದಳು. ಯಾರೂ ನಗಲಿಲ್ಲ. ಪಾಪ, ಮಗುವಿನ ಜೋಕು ಬಿದ್ದುಹೋಯಿತಲ್ಲ, ಇದಕ್ಕೂ ನಂಬರ್ ಕಳೆದರೇನು ಗತಿ? ಹೆತ್ತ ಕರುಳು ಸುಮ್ಮನಿರುತ್ತದೆಯೇ? ತೊಡೆ ತಟ್ಟಿಕೊಂಡು, ಎರಡು ಬೆಂಚು ಅಲುಗುವ ಹಾಗೆ ಹೋ ಹೋ ಎಂದು ನಕ್ಕೆ. ಎಲ್ಲರೂ ತಿರುಗಿ ನೋಡಿದರು. ಹೆಂಡತಿ ನನ್ನ ತೋಳು ಜಿಗುಟಿದ ಗುರುತು ಇವತ್ತಿಗೂ ಇದೆ.

ಆಮೇಲೆ ಚಪ್ಪಾಳೆ. ಹುಡುಗಿ ಪಾಸಾದಳು, ಅದೂ ಆ ದಿನದ ಮೊದಲ ನಂಬರಿನಲ್ಲಿ.

ಹೊರಗೆ ವೆರಾಂಡದಲ್ಲಿ ಮೇಡಂ ಬಂದು ನನ್ನ ಕೈ ಕುಲುಕಿದರು. "ನಿಮ್ಮ ಕೆಂಪು ಚೀಟಿಗಳು ತರಗತಿಯಲ್ಲೆಲ್ಲಾ ಓಡಾಡ್ತಿವೆ ಸಾರ್. ಚೀಟಿ ಇರೋ ಪುಸ್ತಕಕ್ಕೆ ಮಕ್ಕಳು ಕಿತ್ತಾಡ್ತಾರೆ. ಇನ್ನೊಂದು ಪೆಟ್ಟಿಗೆ ಕಳಿಸ್ಲಾ? ದಯವಿಟ್ಟು ಎಲ್ಲಾನೂ ತಿರಸ್ಕಾರ ಮಾಡಿಬಿಡಿ."

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಕಿಟಕಿಯ ಸರಳು ಎಣಿಸುತ್ತಿದ್ದಳು.

"ಅಟ್ಟಕ್ಕೆ ಏಣಿ ಹಾಕಿದ್ದು ಯಾರೇ?"

"ನಾನೇ. ಹತ್ತಿದ್ದು ಅವಳು. ಪಾಸಾಗಿದ್ದರ ಒಳಗೆ ಫೇಲಾಗಿದ್ದನ್ನ ಇಟ್ಕೊಂಡು ಓದಿದ್ಲು, ಮುಗಿಸಿದ್ದನ್ನ ಚೀಟಿ ಸಮೇತ ಶಾಲೆಗೆ ಒಯ್ದು ಗೆಳತಿಯರಿಗೆ ಕೊಟ್ಲು. ಏನ್ರೀ ಮಾಡೋದು, ಚೀಟಿ ಹಾಗೆ ಬರೆದ್ರೆ? ನಲವತ್ತೊಂದನೇ ಪುಟದಲ್ಲಿ ಓಡಿಹೋದೋಳು ಐವತ್ತೆಂಟಕ್ಕೂ ಬಂದಿಲ್ಲ ಅಂದ್ರೆ ಯಾರಿಗೆ ತಾನೇ ತಡೆಯುತ್ತೆ? ನಾನೂ ಜೊತೇಲಿ ಕೂತೆ. ಮೊದಲನೇದಕ್ಕೆ ಒಂದು ವಾರ ಹಿಡೀತು, ಈಗ ಒಂದು ಮಧ್ಯಾಹ್ನ ಸಾಕು."

"ಅಂದ್ರೆ ಒಳಗೆ ಅವಳು ಹೇಳಿದ್ದೆಲ್ಲಾ..."

"ನಿಮ್ಮ ತಪಾಸಣೆ ಕಥೇನೇ. ಎಲ್ಲಾರೂ ನಕ್ಕಿದ್ದು ನಿಮ್ಮನ್ನ ನೋಡೇ. ನೀವೂ ಜೊತೆಗೂಡಿದ್ರಿ, ದೊಡ್ಡ ಮನಸ್ಸು."

ನನಗೆ ಸಿಟ್ಟು ಬಂತು, ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬರುವ ಹಾಗಾಯಿತು. ತಿಂಗಳಿಡೀ ಕಣ್ಣು ಕೆಂಪಗೆ ಮಾಡಿಕೊಂಡು ಓದಿದ್ದಕ್ಕೆ ಇದೇನಾ ಬಹುಮಾನ?

"ನನ್ನ ಬಗ್ಗೆ ಒಂದಾದ್ರೂ ಒಳ್ಳೆ ಮಾತು ಆಡಲಿಲ್ವಾ ಅವಳು?"

ಹೆಂಡತಿಯ ದನಿ ಮೆತ್ತಗಾಯಿತು. "ಆಡಿದ್ಲು ಕಣ್ರೀ. 'ನಮ್ಮಪ್ಪನಿಗೆ ಇಂಗ್ಲಿಷ್ ಸರಿಯಾಗಿ ಬರಲ್ಲ. ಆದ್ರೂ ನಾನು ಬಚ್ಚಲಲ್ಲಿ ಅತ್ತಿದ್ದು ಕೇಳಿಸ್ಕೊಂಡು, ನನಗೋಸ್ಕರ ಒಂದೊಂದೇ ಪದ ಹುಡುಕ್ಕೊಂಡು ನಲವತ್ತು ಪುಸ್ತಕ ಓದಿದ್ರು. ನನಗಾಗಿ ಅಷ್ಟು ಕಷ್ಟ ಯಾರೂ ಪಟ್ಟಿಲ್ಲ' ಅಂದ್ಲು. ಮೇಡಂ ಕಣ್ಣಲ್ಲೂ ನೀರು ಬಂತು."

ಮಗಳು ಅಷ್ಟರಲ್ಲಿ ಓಡಿಬಂದು ನನ್ನ ತೋಳು ಹಿಡಿದುಕೊಂಡಳು.

"ಇಷ್ಟೆಲ್ಲಾ ಯಾವಾಗ ಹೇಳಿದೆ ಪುಟ್ಟಾ? ನನಗೆ ಗೊತ್ತೇ ಆಗ್ಲಿಲ್ವಲ್ಲ?"

"ಅದೇ ಅಪ್ಪಾ" ಎಂದಳು ಮಗಳು, "ನೀನೊಬ್ಬನೇ ತೊಡೆ ತಟ್ಕೊಂಡು ನಕ್ಕೆಯಲ್ಲ, ಆಗ."